ಖಲೀಲನ ಹೆಸರಿನ ರೋಲು

"ಹದಿನೆಂಟು, ಹತ್ತೊಂಬತ್ತು. ಎರಡೂ ಕಪ್ಪು. ನೋಡ್ರಿ ಸಾಹೇಬ್ರೆ," ಎಂದು ಬಕ್ಕೇಶಪ್ಪ ಭೂತಗನ್ನಡಿಯನ್ನು ಇನ್‌ಸ್ಪೆಕ್ಟರ್ ಕೊಟ್ಟೂರೇಶನ ಕಡೆಗೆ ಚಾಚಿದ.

ಲೈಟ್ ಬಾಕ್ಸಿನ ಬೆಳಗುವ ಗಾಜಿನ ಮೇಲೆ ಆರು ಪಟ್ಟಿ ಫಿಲ್ಮು ಸಾಲಾಗಿ ಮಲಗಿದ್ದವು. ಕೊಟ್ಟೂರೇಶ್ ಬಗ್ಗಿ ನೋಡಿದ. ಅವನಿಗೆ ಕಂಡದ್ದು ಕಪ್ಪೇ.

"ಕಪ್ಪು ಅಂದ್ರೆ? ಕೆಟ್ಟೋಗ್ಯಾವ?"

"ಕೆಟ್ಟಿಲ್ರಿ. ಸ್ಲೈಡ್ ಫಿಲ್ಮಿಗೆ ಬೆಳಕು ತಾಗದಿದ್ರೆ ಹಿಂಗ ಕಪ್ಪಾಗ್ತೈತೆ. ಲೆನ್ಸಿಗೆ ಮುಚ್ಚಳ ಹಾಕಿ ಯಾರೋ ಬೇಕಂತಲೇ ಒತ್ಯಾರೆ."

ಹನ್ನೆರಡು ದಿನದ ಹಿಂದೆ, ಭಾನುವಾರ ಬೆಳಿಗ್ಗೆ, ಅಣ್ಣನ ಜೊತೆ ಹತ್ತಿ ಮಿಲ್ಲಿನಲ್ಲಿ ಪಾಲುಗಾರನಾಗಿದ್ದ ಶಿವಕುಮಾರ ನಂದಿಗುಡಿ ಹತ್ತಿರ ಹೊಳೆಯಲ್ಲಿ ತಲೆಯೊಡೆದ ಹೆಣವಾಗಿ ಸಿಕ್ಕಿದ್ದ. ಬಕ್ಕೇಶಪ್ಪನ ಸ್ಟುಡಿಯೋದಲ್ಲಿ ಎಂಟು ವರ್ಷದಿಂದ ಕೆಲಸಕ್ಕಿದ್ದ ಖಲೀಲ್ ಈಗ ಹರಿಹರದ ಲಾಕಪ್ಪಿನಲ್ಲಿದ್ದ. ಅವನು ಕಷ್ಟಪಟ್ಟು ತೆಗೆದಿದ್ದ ತೋಳದ ಚಿತ್ರವೊಂದನ್ನು ಶಿವಕುಮಾರ ತನ್ನ ಹೆಸರು ಹಾಕಿ ಸ್ಪರ್ಧೆಗೆ ಕಳಿಸಿದ್ದ. ಅದಕ್ಕಾಗಿ ಇಬ್ಬರೂ ಇದೇ ಸ್ಟುಡಿಯೋದ ಬಾಗಿಲಲ್ಲಿ ಊರು ಕೇಳುವಂತೆ ಕೂಗಾಡಿದ್ದರು. ಪೊಲೀಸರ ಕೈಯಲ್ಲಿ ಇದ್ದದ್ದು ಆ ಜಗಳ ಒಂದೇ. ಇವತ್ತು ಅದರ ಜೊತೆಗೆ ಈ ರೋಲು ಬಂದಿತ್ತು.

ಬೆಂಗಳೂರಿಗೆ ತೊಳೆಯಲು ಕಳಿಸುವ ಸ್ಲೈಡ್ ರೋಲುಗಳನ್ನೆಲ್ಲ ಸ್ಟುಡಿಯೋದ ಬಾಗಿಲ ಬಳಿ ಒಂದು ತಗಡಿನ ಪೆಟ್ಟಿಗೆಯಲ್ಲಿ ಹಾಕುವುದು ರೂಢಿ. ಕೊಲೆಯಾದ ಮೂರನೆಯ ದಿನ ಆ ಪೆಟ್ಟಿಗೆಯಲ್ಲಿ ಖಲೀಲನ ಹೆಸರು ಬರೆದ ರೋಲು ಸಿಕ್ಕಿತ್ತು. ಅದನ್ನು ಪೊಲೀಸರಿಗೆ ಎತ್ತಿ ಕೊಟ್ಟವನು ಸ್ವತಃ ಬಕ್ಕೇಶಪ್ಪ. ಭಾನುವಾರ ಬೆಳಗಿನ ಜಾವ ತಾನು ಆನಗೋಡಿನ ಆಚೆ ಗುಡ್ಡದಲ್ಲಿ ತೋಳಕ್ಕೆ ಕಾಯುತ್ತಿದ್ದೆ ಎಂದು ಖಲೀಲ್ ಹೇಳಿದ್ದನಲ್ಲ, ಅದಕ್ಕೆ ಸಾಕ್ಷಿ ಇದರಲ್ಲೇ ಇರುತ್ತದೆ ಎಂದುಕೊಂಡಿದ್ದ ಪುಣ್ಯಾತ್ಮ. ತೋಳವೇನೋ ಇತ್ತು, ಮೊದಲ ಹದಿನೇಳು ಚಿತ್ರಗಳಲ್ಲಿ. ಆದರೆ ಇಪ್ಪತ್ತರಿಂದ ಮೂವತ್ತಾರರವರೆಗೆ ಹೊಳೆ. ನಂದಿಗುಡಿಯ ಹೊಳೆ, ಸೂರ್ಯ ಹುಟ್ಟುವ ಹೊತ್ತು, ಮೊಣಕಾಲುದ್ದ ನೀರಿನಲ್ಲಿ ಜೀವಂತ ನಿಂತಿದ್ದ ಶಿವಕುಮಾರ.

"ಒಂದು ರೋಲು, ಒಂದು ಹೆಸರು, ಒಬ್ಬ ಮನುಷ್ಯ," ಎಂದ ಕೊಟ್ಟೂರೇಶ್. "ಶನಿವಾರ ತೋಳ ತಗದ. ಭಾನುವಾರ ಹೊಳಿಗೆ ಹೋದ. ನೀವು ಇನ್ನೇನು ಹುಡುಕಾಕ ಹೊಂಟೀರಿ?"

"ಎರಡು ಕ್ಯಾಮೆರಾ ಹುಡುಕಾಕ ಹೊಂಟೀನಿ."

ಬಕ್ಕೇಶಪ್ಪ ವಿವರಿಸಿದ. ಸ್ಲೈಡ್ ರೋಲು ದುಬಾರಿ, ಒಬ್ಬರೇ ಮುಗಿಸುವಂಥ ವಸ್ತುವಲ್ಲ. ಅರ್ಧ ತೆಗೆದ ಮೇಲೆ ಹಿಂದಕ್ಕೆ ಸುತ್ತುವುದು, ಆದರೆ ತುದಿ ಒಳಗೆ ಹೋಗದಂತೆ ನಾಲಿಗೆಯಷ್ಟು ಹೊರಗೆ ಬಿಡುವುದು. ಎಷ್ಟು ತೆಗೆದಿದ್ದೇವೆ ಎಂದು ಮೇಲೆ ಬರೆದು ಗೆಳೆಯನಿಗೆ ಕೊಡುವುದು. ಅವನು ಅದನ್ನು ತನ್ನ ಕ್ಯಾಮೆರಾಕ್ಕೆ ಹಾಕಿ, ಲೆನ್ಸು ಮುಚ್ಚಿ, ಅಷ್ಟು ಸಲ ಒತ್ತಿ, ಮೇಲೆ ಎರಡು ಹೆಚ್ಚಿಗೆ ಒತ್ತಿ ಜಾಗ ಬಿಟ್ಟು, ಅಲ್ಲಿಂದ ತನ್ನದು ಶುರು ಮಾಡುವುದು. ದಾವಣಗೆರೆಯಲ್ಲಿ ಕಾಡು ಮೇಡು ಅಲೆಯುವ ಐದಾರು ಜನಕ್ಕೆ ಈ ಉಪಾಯ ಕಲಿಸಿದವನು ಬಕ್ಕೇಶಪ್ಪನೇ. ಕಲಿಸುವಾಗ ಅವನಿಗೆ ಭಾರಿ ಜಂಬ ಇತ್ತು.

"ಅಂದ್ರೆ ಹೊಳಿ ಫೋಟೋ ತಗದಿದ್ದು ಬ್ಯಾರೆ ಯಾರೋ?"

"ಹೌದ್ರಿ. ತಗದಿರೋ ರೀತಿ ನೋಡ್ರಿ ಬೇಕಾದ್ರೆ. ತೋಳದ ಹದಿನೇಳ್ರಾಗೂ ಸೆಟ್ಟಿಂಗ್ ಬದಲಾಗ್ತಾ ಹೋಗ್ಯಾವೆ. ಮೋಡ ಬಂದ್ರೆ ಅಪರ್ಚರ್ ಅಗಲ ಮಾಡ್ಯಾನೆ, ತೋಳ ಓಡಿದ್ರೆ ಶಟರ್ ಜೋರು ಮಾಡ್ಯಾನೆ. ಎಲ್ಲಾ ಹದವಾಗಿ ಬಂದಾವೆ. ಹೊಳಿದು ನೋಡ್ರಿ. ಮೊದಲ್ನೇದು ಮಸಿ, ನಡುವಿನವು ಸರಿ, ಕೊನೆವು ಬೆಳ್ಳಗೆ ಸುಟ್ಟೋಗ್ಯಾವೆ. ಹೊತ್ತು ಏರಿದ್ರೂ ಒಂದು ಸಲಾನೂ ಏನೂ ತಿರುವಿಲ್ಲ. ನನ್ನ ಖಲೀಲ ಹಿಂಗೆ ಮಾಡಾಂವಲ್ಲ."

"ಕೊಲೆ ಮಾಡಾಕ ಹೋದೋನು ಸೆಟ್ಟಿಂಗ್ ನೋಡ್ಕೊಂತ ಕುಂದರ್ತಾನೇನ್ರಿ?" ಕೊಟ್ಟೂರೇಶ್ ನಕ್ಕ. ನಗು ಕೆಟ್ಟದ್ದಲ್ಲ, ಸುಸ್ತಾದವನ ನಗು. "ಮತ್ಯಾರ ಮ್ಯಾಲೆ ಅನುಮಾನ ಪಡ್ಲಿ? ಶಿವಕುಮಾರನ ಅಣ್ಣ ಉಜ್ಜನಪ್ಪನೋರು ಬೆಳಿಗ್ಗೆ ಮಿಲ್ಲಿನ್ಯಾಗೇ ಇದ್ರು ಅಂತ ವಾಚ್‌ಮನ್ ಬರೆಸ್ಯಾನೆ. ಶಿವಕುಮಾರನ ಕ್ಯಾಮೆರಾ ಅವನ ಕೊರಳಾಗೇ ಇತ್ತು, ಅದರ ರೋಲು ನೀರು ಕುಡ್ದು ಹೋಗೈತೆ. ನಾಳೆ ಹನ್ನೊಂದಕ್ಕೆ ಹುಡುಗನ್ನ ಮತ್ತೆ ಕೋರ್ಟಿಗೆ ಒಯ್ಯಬೇಕು. ನಿಮ್ಮ ವರದಿ ಎರಡು ಕ್ಯಾಮೆರಾ ಅಂದ್ರೆ ನಾನೂ ಅಡ್ಡ ಬರಲ್ಲ. ಆದ್ರೆ ಎರಡನೇ ಕ್ಯಾಮೆರಾ ಯಾವುದು ಅನ್ನೋದಕ್ಕೆ ಗುರುತು ಕೊಡ್ರಿ."

"ಅರ್ಧ ತಾಸು ಕೊಡ್ರಿ."

ಕೊಟ್ಟೂರೇಶ್ ಚಹಾ ಕುಡಿಯಲು ಎದುರಿನ ಅಂಗಡಿಗೆ ಹೋದ. ದಾವಣಗೆರೆ ಜಿಲ್ಲೆಯಾಗಿ ಒಂದೂವರೆ ವರ್ಷ ಆಗಿತ್ತಷ್ಟೆ. ಬೋರ್ಡು ಬಂದಿದ್ದವು, ಜೀಪು ಬಂದಿದ್ದವು, ಫಿಲ್ಮು ಓದಬಲ್ಲ ಒಬ್ಬ ಮನುಷ್ಯ ಬಂದಿರಲಿಲ್ಲ. ಇಪ್ಪತ್ತು ವರ್ಷ ಪೊಲೀಸರಿಗಾಗಿ ಹೆಣಗಳ ಫೋಟೋ ತೆಗೆದಿದ್ದ ಬಕ್ಕೇಶಪ್ಪನನ್ನೇ ಅವರು ಇನ್ನೂ ಹಿಡಿದುಕೊಂಡಿದ್ದರು.

ಅವನು ದೀಪ ಹತ್ತಿರ ಎಳೆದುಕೊಂಡ. ಮನಸ್ಸು ಹನ್ನೆರಡು ದಿನದಲ್ಲಿ ಮೊದಲ ಸಲ ಹಗುರಾಗಿತ್ತು. ಖಲೀಲನಿಗೆ ಲೆನ್ಸು ಆರಿಸಿಕೊಟ್ಟ ದಿನ ನೆನಪಾಯಿತು. ಹರಿಹರದಲ್ಲಿ ಕ್ಯಾಮೆರಾ ರಿಪೇರಿ ಮಾಡುವ ಹಯಾತ್ ಸಾಬರ ಅಂಗಡಿಯಲ್ಲಿ ದೂರದ್ದನ್ನು ಹತ್ತಿರ ತೋರಿಸುವ ಎರಡು ಹಳೆಯ ಟೆಲಿ ಲೆನ್ಸು ಇದ್ದವು, ಮುನ್ನೂರು ಎಂ.ಎಂ.ನದು ಒಂದು, ನಾನೂರರದು ಒಂದು. ಖಲೀಲನ ಕಣ್ಣು ನಾನೂರರ ಮೇಲೆ. "ದೊಡ್ಡದು ಅಂತ ಬಾಯಿ ಬಿಡಬ್ಯಾಡ. ಅದು ಬೆಳಕು ಕುಡಿಯೋದು ಕಡಿಮಿ, ಬೆಳಗಿನ ಜಾವ ತೋಳ ಅಲ್ಲಾಡಿದ್ರೆ ಬರೀ ಹೊಗೆ ಬರ್ತೈತೆ. ಮುನ್ನೂರರದು ತಗೋ, ಎರಡು ಹೆಜ್ಜೆ ಹತ್ತಿರ ಹೋಗು," ಎಂದಿದ್ದ ಬಕ್ಕೇಶಪ್ಪ. ಹುಡುಗ ಆ ಎರಡು ಹೆಜ್ಜೆಗಾಗಿ ಎಷ್ಟು ಮುಂಜಾವು ಮುಳ್ಳುಕಂಟಿಯಲ್ಲಿ ಹೊಟ್ಟೆಯ ಮೇಲೆ ತೆವಳಿದನೋ. ಅಂಥವನು ಕೊಲೆ ಮಾಡುವುದೆಂದರೇನು?

ಪ್ರತಿ ಕ್ಯಾಮೆರಾದ ಹೊಟ್ಟೆಯಲ್ಲೂ ಒಂದು ಚೌಕ ಕಿಟಕಿ ಇರುತ್ತದೆ. ಫಿಲ್ಮು ಆ ಕಿಟಕಿಗೆ ಅಂಟಿಕೊಂಡು ಕೂತಿರುತ್ತದೆ. ಆ ಕಿಟಕಿಯ ಅಂಚಿನಲ್ಲಿ ಕೂದಲೆಳೆಯಷ್ಟು ಸೊಟ್ಟ ಇದ್ದರೂ ಅದು ಪ್ರತಿ ಚಿತ್ರದ ಅಂಚಿನಲ್ಲೂ ಮೂಡುತ್ತದೆ. ಅದಕ್ಕೇ ಅವನು ಈ ರೋಲನ್ನು ಕತ್ತರಿಸಿ ಫ್ರೇಮಿಗೆ ಹಾಕಬೇಡಿ, ಪಟ್ಟಿಯಾಗಿಯೇ ಕಳಿಸಿ ಎಂದು ಬೆಂಗಳೂರಿಗೆ ಬರೆದಿದ್ದ.

ತೋಳದ ಚಿತ್ರಗಳ ಅಂಚು ನೋಡಿದ. ನಾಲ್ಕೂ ಮೂಲೆ ಅಲಗಿನಿಂದ ಕೊಯ್ದಷ್ಟು ನೇರ. ಅದು ಖಲೀಲನ ಕ್ಯಾಮೆರಾ.

ಹೊಳೆಯ ಚಿತ್ರಗಳಿಗೆ ಬಂದ. ಇಪ್ಪತ್ತೊಂದು. ಕೆಳಗಿನ ಎಡ ಮೂಲೆಯಲ್ಲಿ ಏನೋ ಕಂಡಿತು. ಧೂಳಿರಬೇಕೆಂದು ಬ್ರಷ್ಷಿನಿಂದ ಒರೆಸಿದ. ಹೋಗಲಿಲ್ಲ. ಇಪ್ಪತ್ತೆರಡರಲ್ಲೂ ಇತ್ತು. ಮೂವತ್ತರಲ್ಲೂ ಇತ್ತು. ಇಲಿ ಕಡಿದ ರೊಟ್ಟಿಯ ಅಂಚಿನಂತೆ ಒಂದು ಚಿಕ್ಕ ಕಚ್ಚು.

ಬಕ್ಕೇಶಪ್ಪ ಭೂತಗನ್ನಡಿ ಕೆಳಗಿಟ್ಟ.

ಆ ಕಚ್ಚನ್ನು ಅವನು ಹುಡುಕಿ ಹೊಂದಿಸಿ ನೋಡಬೇಕಾದ್ದೇ ಇರಲಿಲ್ಲ. ಹದಿನೆಂಟು ವರ್ಷದ ಹಿಂದೆ ಒಂದು ಬಾವಿಕಟ್ಟೆಯ ಕಲ್ಲಿನ ಮೇಲೆ ತನ್ನ ಕ್ಯಾಮೆರಾ ಬಿದ್ದು ಕಿಟಕಿ ಸೊಟ್ಟಗಾಗಿತ್ತು. ಹಯಾತ್ ಸಾಬರು ಅರದಲ್ಲಿ ಉಜ್ಜಿ ನೆಟ್ಟಗೆ ಮಾಡುವಾಗ ಕೈ ಜಾರಿ ಒಂದು ಮೂಲೆಯಲ್ಲಿ ಕಚ್ಚು ಬಿದ್ದಿತ್ತು. ಅಂದಿನಿಂದ ಅದರಲ್ಲಿ ಅವನು ತೆಗೆದ ಪ್ರತಿ ಹೆಣದ ಫೋಟೋದಲ್ಲೂ ಆ ಕಚ್ಚು ಬಂದಿತ್ತು. ಸಾವಿರ ಸಲ ಅದನ್ನು ಕತ್ತರಿಸಿ ತೆಗೆದು ಪೊಲೀಸರಿಗೆ ಕೊಟ್ಟಿದ್ದ.

ಇದು ಅವನದೇ ಕ್ಯಾಮೆರಾ. ಮೂರು ವರ್ಷದಿಂದ ನಿಟ್ಟುವಳ್ಳಿಯ ಮನೆಯಲ್ಲಿ ಮಗಳು ಪೂಜಾಳ ಕೋಣೆಯಲ್ಲಿ ಇದ್ದ ಕ್ಯಾಮೆರಾ. ಅವಳನ್ನು ಬಿಟ್ಟು ಅದನ್ನು ಮುಟ್ಟುವವರು ಮನೆಯಲ್ಲಿ ಯಾರೂ ಇರಲಿಲ್ಲ. ತಾಯಿಯಿಲ್ಲದ ಹುಡುಗಿ, ಬಿ.ಎ. ಕೊನೆಯ ವರ್ಷ, ಪ್ರಾಣಿಗಳ ಹಿಂದೆ ಓಡುವುದಕ್ಕಿಂತ ನೆಲ ನೀರು ಬಾನು ತೆಗೆಯುವುದೇ ಅವಳಿಗೆ ಇಷ್ಟ. ಸ್ಟ್ಯಾಂಡು ಹಾಕಿ, ಅಪರ್ಚರನ್ನು ಹದಿನಾರಕ್ಕೆ ಮುಚ್ಚಿ, ಶಟರ್ ನಿಧಾನ ಇಟ್ಟರೆ ಹತ್ತಿರದ ಕಲ್ಲೂ ದೂರದ ಗುಡ್ಡವೂ ಒಟ್ಟಿಗೆ ಸ್ಪಷ್ಟ ಬರುತ್ತವೆ, ಹರಿಯುವ ನೀರು ಹಾಲಾಗುತ್ತದೆ ಎಂದು ಅವಳಿಗೆ ಹೇಳಿಕೊಟ್ಟವನೂ ಅವನೇ. ಗಾಜಿನ ಮೇಲಿದ್ದ ಹೊಳೆಯ ಹದಿನೇಳೂ ಚಿತ್ರಗಳಲ್ಲಿ ನೀರು ಹಾಲಿನಂತೆ ಹರಿದಿತ್ತು.

ಬೆಳಕು ಏರಿದರೂ ಏನೂ ತಿರುವದೆ ಬಿಟ್ಟಿದ್ದಾಳಲ್ಲ ಎಂದು ಒಂದು ಕ್ಷಣ ಅನ್ನಿಸಿತು. ಹೆದರಿದ ಹುಡುಗಿ ಬೆಳಕು ನೋಡುವುದೆಲ್ಲಿ ಎಂದು ತಾನೇ ಉತ್ತರ ಕೊಟ್ಟುಕೊಂಡ. ಈಗಷ್ಟೇ ಕೊಟ್ಟೂರೇಶ್ ಹೇಳಿ ತಾನು ಒಪ್ಪದಿದ್ದ ಮಾತೇ ಅದು ಎಂಬುದೂ ಅವನಿಗೆ ಹೊಳೆಯಲಿಲ್ಲ. ತಂದೆಯ ತಲೆ ಕೆಟ್ಟರೆ ಪತ್ತೇದಾರನ ತಲೆ ಎಷ್ಟು ಹೊತ್ತು ನಿಲ್ಲುತ್ತದೆ?

ಮೂವತ್ತಾರನೆಯ ಚಿತ್ರವನ್ನು ಮತ್ತೆ ನೋಡಿದ. ಶಿವಕುಮಾರ ನೀರಿನಲ್ಲಿ ನಿಂತು ಕ್ಯಾಮೆರಾದ ಕಡೆಗೆ ತಿರುಗಿದ್ದ. ಎತ್ತಿದ ಕೈ ಅಲ್ಲಾಡಿ ಮಸುಕಾಗಿತ್ತು. ಚಿತ್ರ ಬೆಳ್ಳಗಾಗಿದ್ದರೂ ಮುಖ ಗುರುತು ಸಿಗುವಷ್ಟಿತ್ತು. ನಗುತ್ತಿದ್ದ, ಚೆನ್ನಾಗಿ ಗೊತ್ತಿರುವವರನ್ನು ನೋಡಿ ನಗುವ ನಗು.

ಹೆಂಡತಿ ಮಕ್ಕಳಿರುವ ಶ್ರೀಮಂತ. ಬೆಳಗಿನ ಜಾವ. ನನ್ನ ಮಗಳು. ಬಕ್ಕೇಶಪ್ಪನಿಗೆ ಅಳು ಬರಲಿಲ್ಲ, ನಾಚಿಕೆಯಾಯಿತು, ಆಮೇಲೆ ಆ ನಾಚಿಕೆಗೇ ನಾಚಿಕೆಯಾಯಿತು. ಅವನು ದೀಪ ಆರಿಸಿದ.

"ಗುರುತು ಸಿಕ್ತಾ?" ಚಹಾ ಮುಗಿಸಿ ಬಂದ ಕೊಟ್ಟೂರೇಶ್ ಕೇಳಿದ.

"ಇನ್ನೂ ಇಲ್ರಿ. ಖಲೀಲನ್ನ ಒಂದು ಮಾತು ಕೇಳ್ಬೇಕು. ಹರಿಹರಕ್ಕೆ ನಾನೂ ಬರ್ತೀನಿ."

ಠಾಣೆಯ ಹಿಂದಿನ ಕೋಣೆಯಲ್ಲಿ ಹತ್ತು ನಿಮಿಷ ಮಾತಾಡಲು ಬಿಟ್ಟರು. ಖಲೀಲ್ ಗೋಡೆಗೊರಗಿ ಕೂತಿದ್ದವನು ಎದ್ದು ನಿಂತ. ಗಡ್ಡ ಬೆಳೆದಿತ್ತು. ಬಲ ಪಾದ ನೆಲಕ್ಕೆ ಊರುತ್ತಿರಲಿಲ್ಲ.

"ಸರ, ರೋಲು ಬಂತಾ?"

"ಬಂತು."

"ತೋಳ ಹೆಂಗೆ ಬಂದೈತೆ ಸರ?"

"ಬಾಳ ಚೆಂದ ಬಂದೈತೆ ಕಣೋ. ಒಂಬತ್ತನೇದ್ರಾಗ ಕಣ್ಣಿನ ಮಿಂಚು ಸೈತ ಬಂದೈತೆ."

ಖಲೀಲ್ ಮುಗುಳ್ನಕ್ಕ. ಆಮೇಲೆ ಅವನ ಮುಖ ಮುಚ್ಚಿಕೊಂಡಿತು. "ಉಳಿದ ಅರ್ಧ?"

"ಹೊಳಿ. ಶಿವಕುಮಾರ. ಆ ಅರ್ಧ ರೋಲು ಯಾರಿಗೆ ಕೊಟ್ಟಿದ್ದಿ?"

"ಯಾರಿಗೂ ಇಲ್ಲ. ನಾನ ತಗದಿದ್ದು."

"ಸುಳ್ಳು ಹೇಳಬ್ಯಾಡ. ಹೊಳಿ ಫೋಟೋದ ಅಂಚು ನೋಡೀನಿ."

ಖಲೀಲ್ ಬಾಗಿಲಲ್ಲಿ ನಿಂತ ಪೇದೆಯ ಕಡೆ ನೋಡಿ ದನಿ ಇಳಿಸಿದ. "ಅಂಚು ನೋಡಿದ್ರಾ? ನೋಡಬಾರ್ದಿತ್ತು ಸರ. ನೀವು ಯಾಕ ನೋಡಿದ್ರಿ?"

"ಶನಿವಾರ ನಮ್ಮ ಮನಿಗೆ ಹೋಗಿದ್ದ್ಯಾ?"

"ಹೋಗಿದ್ದೆ. ನನ್ನ ಹದಿನೇಳು ಮುಗಿದಿದ್ದು ಶನಿವಾರ ಬೆಳಿಗ್ಗೆ. ಪೂಜಾ ತಂಗಿ ಬಾಳ ದಿನದಿಂದ ಕೇಳಿತ್ತು, ಹೊಳಿ ದಂಡಿದು ತಗೀಬೇಕು, ಸ್ಲೈಡ್ ಬೇಕು ಅಂತ. ಸಂಜೆ ಕೊಟ್ಟು ಬಂದೆ. ಭಾನುವಾರ ಇನ್ನೊಂದು ರೋಲು ಹಾಕ್ಕೊಂಡು ಆನಗೋಡಿಗೆ ಹೋದೆ. ತೋಳ ಬರಲಿಲ್ಲ. ಒಂದು ಸಲಾನೂ ಒತ್ತಲಿಲ್ಲ ಸರ. ಒತ್ತಿದ್ರೆ ಇವತ್ತು ನಂಗೂ ಒಂದು ಸಾಕ್ಷಿ ಇರ್ತಿತ್ತು."

"ಇದನ್ನ ಹನ್ನೆರಡು ದಿನ ಹೊಟ್ಟಿಯಾಗ ಇಟ್ಕೊಂಡು ಹೊಡೆತ ತಿಂದ್ಯಾ?"

"ಇಲ್ಲಿ ನನ್ನ ಕೇಳಿದಂಗ ತಂಗೀನೂ ಕೇಳ್ತಾರೆ. ಒಂದು ಹೆಣ್ಣುಮಗು ಬೆಳಗಿನ ಜಾವ ಯಾಕ ಹೋತು, ಯಾರ ಜೊತೀಗೆ ಹೋತು." ಖಲೀಲ್ ಗೋಡೆ ಹಿಡಿದುಕೊಂಡ. "ಅದು ಏನೂ ಮಾಡಿರಲ್ಲ ಸರ, ನಂಗೊತ್ತೈತೆ. ನೋಡಿರ್ಬಹುದು, ಹೆದರಿರ್ಬಹುದು. ಆದ್ರೆ ಇವ್ರು ಅದನ್ನ ಇಲ್ಲಿ ತಂದು ಕುಂದ್ರಿಸಿದ್ರೆ ಮುಗೀತು. ನಿಮ್ಮ ಉಪ್ಪು ತಿಂದು ಬೆಳೆದೀನಿ. ನಾನ ತಗದೆ ಅಂತ ಬರ್ಕೊಡ್ರಿ. ನನ್ನ ಹಣೆಬರ ಹೆಂಗೈತೋ ಹಂಗಾಗ್ಲಿ."

"ನಿನ್ನ ತಾಯಿಗೆ ಏನು ಹೇಳ್ಲಿ ಖಲೀಲಾ?"

ಪೇದೆ ಲಾಠಿಯಿಂದ ಬಾಗಿಲು ತಟ್ಟಿದ.

ಬಕ್ಕೇಶಪ್ಪ ಆ ಹತ್ತು ಹೆಜ್ಜೆಯ ಓಣಿಯಲ್ಲಿ ನಡೆದು ಬರುವಾಗ ಹತ್ತು ಸಲ ಮನಸ್ಸು ಬದಲಾಯಿಸಿದ. ನಿಜ ಹೇಳಬೇಕು ಎಂದುಕೊಂಡ. ಪೂಜಾಳ ಮುಖ ಕಣ್ಣಿಗೆ ಕಟ್ಟಿತು. ಮೊದಲು ಮನೆಗೆ ಹೋಗಿ ಅವಳನ್ನೇ ಒಂದು ಮಾತು ಕೇಳುವುದು ಸರಿ ಎಂಬುದೂ ಹೊಳೆದಿತ್ತು. ಆದರೆ ಕೇಳಿದರೆ ಅವಳು ಹೌದು ಎಂದುಬಿಟ್ಟರೆ? ಆ ಹೌದನ್ನು ಕೇಳುವ ಧೈರ್ಯ ಅವನಿಗಿರಲಿಲ್ಲ. ಸಾವಿರ ಹೆಣ ನೋಡಿದವನು ಮಗಳ ಒಂದು ಮಾತಿಗೆ ಹೆದರಿದ.

ಕೊಟ್ಟೂರೇಶ್ ಕಾರ್ಬನ್ ಹಾಳೆ ಜೋಡಿಸಿ ಪೆನ್ನು ಮುಂದಿಟ್ಟ. "ಏನು ಬರೀತೀರಿ?"

"ಒಂದೇ ಕ್ಯಾಮೆರಾ," ಎಂದ ಬಕ್ಕೇಶಪ್ಪ.

"ಆ ಕಪ್ಪು ಎರಡು?"

"ಮುಚ್ಚಳ ತಗೆಯೋದು ಮರೆತು ಒತ್ತಿರ್ಬೇಕು. ಎಲ್ಲರ ಕೈಯಾಗೂ ಆಗ್ತೈತೆ."

ಕೊಟ್ಟೂರೇಶ್ ಏನೋ ಕೇಳಬೇಕೆಂದು ಬಾಯಿ ತೆರೆದವನು ಹೊರಗೆ ಟೆಲಿಫೋನು ಬಡಿದುಕೊಂಡದ್ದರಿಂದ ಎದ್ದು ಹೋದ. ಒಂದರಿಂದ ಮೂವತ್ತಾರರವರೆಗಿನ ಚಿತ್ರಗಳನ್ನು ಒಂದೇ ಕ್ಯಾಮೆರಾದಿಂದ ತೆಗೆಯಲಾಗಿದೆ ಎಂದು ಬಕ್ಕೇಶಪ್ಪ ತನ್ನ ದುಂಡು ಅಕ್ಷರದಲ್ಲಿ ಬರೆದ. ಅದು ಖಲೀಲನ ಕ್ಯಾಮೆರಾ ಎಂದೂ ಬರೆದ. ಸಹಿ ಹಾಕಿದ. ಇಪ್ಪತ್ತು ವರ್ಷದಲ್ಲಿ ಅವನು ಪೊಲೀಸರಿಗೆ ಕೊಟ್ಟ ಮೊದಲ ಸುಳ್ಳು ಅದು.

ಗೇಟಿನ ಹೊರಗೆ ಖಲೀಲನ ತಾಯಿ ಮಾಬೂಬೀ ಟಿಫಿನ್ ಡಬ್ಬಿ ಹಿಡಿದು ನಿಂತಿದ್ದಳು. ಅವನನ್ನು ಕಂಡವಳೇ ಸೆರಗು ಸರಿಮಾಡಿಕೊಂಡು ಓಡಿ ಬಂದಳು.

"ಅಣ್ಣಾ, ನೀವು ಒಳಗ ಹೋಗೀರಿ ಅಂದ್ರು. ನನ್ನ ಜೀವಕ್ಕ ಜೀವ ಬಂತು. ನಾಳೆ ಬಿಡ್ತಾರೇನಣ್ಣಾ?"

"ನೋಡಾಣ ತಂಗೀ," ಎಂದ. ಅವಳ ಕಣ್ಣು ತಪ್ಪಿಸಿ ರಸ್ತೆ ದಾಟಿದ. ಹಿಂದಿನಿಂದ ಅವಳು ಅಲ್ಲಾಹನ ಹೆಸರು ಹೇಳಿ ಅವನಿಗೂ ಅವನ ಮಗಳಿಗೂ ಒಳ್ಳೆಯದು ಬೇಡುತ್ತಿದ್ದದ್ದು ಕೇಳಿಸಿತು. ದಾವಣಗೆರೆಯ ಬಸ್ಸು ಹತ್ತಿ ಕೂತವನು ಊರು ಬರುವವರೆಗೂ ತಲೆ ಎತ್ತಲಿಲ್ಲ.

ನಿಟ್ಟುವಳ್ಳಿಯಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು. ಮನೆಯ ಮುಂದೆ ಒಂದು ಕಾರು ನಿಂತಿತ್ತು. ಅದನ್ನು ಗಮನಿಸುವ ಸ್ಥಿತಿಯಲ್ಲಿ ಅವನಿರಲಿಲ್ಲ. ಬಾಗಿಲು ತೆರೆದೇ ಇತ್ತು.

ನಡುಮನೆಯ ಕುರ್ಚಿಯಲ್ಲಿ ಶಿವಕುಮಾರನ ಅಣ್ಣ ಉಜ್ಜನಪ್ಪ ಕೂತು ಚಹಾ ಕುಡಿಯುತ್ತಿದ್ದ. ಬಿಳಿ ಅಂಗಿ, ಹಣೆಗೆ ಅಚ್ಚುಕಟ್ಟಾದ ವಿಭೂತಿ. ಅವನ ಮುಂದಿನ ಟೀಪಾಯಿಯ ಮೇಲೆ, ಚರ್ಮದ ಚೀಲದಿಂದ ಅರ್ಧ ಹೊರಗೆ, ಬಕ್ಕೇಶಪ್ಪನ ಹಳೆಯ ಕ್ಯಾಮೆರಾ ಇತ್ತು.

"ಬರ್ರಿ ಬಕ್ಕೇಶಪ್ಪನೋರೆ. ನಿಮ್ಮ ಮನಿಯಾಗ ನಾನ ನಿಮ್ಮನ್ನ ಕರಿಯಂಗಾತು," ಎಂದ ಉಜ್ಜನಪ್ಪ. "ಈಗ ಠಾಣೆಯಿಂದ ಫೋನ್ ಬಂದಿತ್ತು. ವರದಿ ಬರ್ಕೊಟ್ರಂತೆ. ತಮ್ಮನ ಆತ್ಮಕ್ಕ ಶಾಂತಿ ಸಿಕ್ತು ನೋಡ್ರಿ. ನಿಮ್ಮ ಉಪಕಾರ ನಾನು ಮರೆಯಲ್ಲ."

ಬಕ್ಕೇಶಪ್ಪ ಕ್ಯಾಮೆರಾದಿಂದ ಕಣ್ಣು ಕೀಳಲಿಲ್ಲ. "ಇದು ನಿಮ್ಮ ಹತ್ರ ಹೆಂಗೆ ಬಂತು?"

ಉತ್ತರ ಬಂದದ್ದು ಅಡುಗೆಮನೆಯ ಬಾಗಿಲಿಂದ. ಪೂಜಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ನಿದ್ದೆಗೆಟ್ಟ ಮುಖ, ಆದರೆ ಅಂಜಿಕೆ ಅಳುಕು ಏನೂ ಇಲ್ಲದ ಕಣ್ಣು.

"ನೀವ ಕೊಡು ಅಂದಿದ್ರಂತಲ್ಲ ಅಪ್ಪಾಜಿ. ಶನಿವಾರ ರಾತ್ರಿ ಊಟದ ಹೊತ್ನಾಗ, ನೀವಿನ್ನೂ ಸ್ಟುಡಿಯೋದಾಗಿದ್ದಾಗ, ಉಜ್ಜನಪ್ಪ ಮಾಮ ಬಂದು, ನಮ್ಮ ತಮ್ಮಗ ಬೇಕಂತೆ, ನಿಮ್ಮಪ್ಪನ್ನ ಕೇಳೀನಿ ಅಂದ್ರು. ಸ್ಟ್ಯಾಂಡೂ ಕೊಟ್ಟೆ. ಹೊಳಿಗೆ ಅಂತ ನಾನು ಸೆಟ್ ಮಾಡಿ ಇಟ್ಟಿದ್ದೆ, ಅದನ್ನೂ ಹೇಳ್ದೆ. ಬರೇ ಗುಂಡಿ ಒತ್ತಿದ್ರೆ ಸಾಕು ಅಂದೆ. ಇವತ್ತು ವಾಪಸ್ ತಂದಾರೆ."

ಬಕ್ಕೇಶಪ್ಪ ಬಾಗಿಲಿನ ಚೌಕಟ್ಟು ಹಿಡಿದುಕೊಂಡ. ತನ್ನ ಮಗಳು ಹೊಳೆಗೆ ಹೋಗಿರಲೇ ಇಲ್ಲ. ಖಲೀಲನೂ ಹೋಗಿರಲಿಲ್ಲ. ಹೋದವನು ಎದುರಿಗೇ ಕೂತಿದ್ದ, ರೋಲಿನ ಮೇಲೆ ಖಲೀಲನ ಹೆಸರು ಕಂಡು ಅದನ್ನು ತಗಡಿನ ಪೆಟ್ಟಿಗೆಗೆ ಹಾಕಿದವನೂ ಅವನೇ. ಅವಳನ್ನು ಉಳಿಸುತ್ತೇವೆಂದು ಇಬ್ಬರು ಗಂಡಸರು ಸೇರಿ, ಒಬ್ಬ ಬಾಯಿ ಮುಚ್ಚಿ, ಒಬ್ಬ ಸಹಿ ಹಾಕಿ, ನೇಣಿಗೆ ಕುಣಿಕೆ ಕಟ್ಟಿದ್ದರು.

"ಒಳಗ ಹೋಗು ಪೂಜಾ," ಎಂದ. ಹೇಳಿದ್ದು ಪಿಸುಮಾತಿನಲ್ಲಿ.

ಅವಳಿಗೆ ಕೇಳಿಸಲಿಲ್ಲ. ಅವಳ ಮನಸ್ಸಿನಲ್ಲಿ ಇದ್ದದ್ದು ಬೇರೆ ಚಿಂತೆ. "ಅಪ್ಪಾಜಿ, ಅದ್ರಾಗ ಖಲೀಲಣ್ಣನ ಅರ್ಧ ರೋಲು ಇತ್ತು. ನಾನ ಹಾಕಿ, ಮುಚ್ಚಳ ಇಟ್ಟು ಹತ್ತೊಂಬತ್ತರ ತನಕ ಒತ್ತಿ ಇಟ್ಟಿದ್ದೆ. ಅಣ್ಣ ಬಿಡುಗಡೆ ಆಗಿ ಬಂದ್ರೆ ಕೇಳ್ತಾನಲ್ಲ ಅಂತ ಇವರ್ನ ಕೇಳಿದ್ರೆ, ಕ್ಯಾಮೆರಾದಾಗ ರೋಲು ಇರಲೇ ಇಲ್ಲ ಅಂತಾರೆ. ಇತ್ತು ಮಾಮ, ನಂಗೆ ಚೆನ್ನಾಗಿ ನೆನಪೈತೆ. ಬೇಕಾದ್ರೆ ಎಲ್ಲಿ ಕರೆದ್ರೂ ಬಂದು ಹೇಳ್ತೀನಿ."

ಉಜ್ಜನಪ್ಪ ಚಹಾದ ಕೊನೆಯ ಗುಟುಕು ಕುಡಿದು ಬಟ್ಟಲನ್ನು ಸದ್ದಾಗದಂತೆ ತಟ್ಟೆಯ ಮೇಲಿಟ್ಟ. ಬಕ್ಕೇಶಪ್ಪನನ್ನು ಒಮ್ಮೆ ನೋಡಿದ, ಆಮೇಲೆ ಪೂಜಾಳನ್ನು ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ.

"ಬಾಗಿಲು ಹಾಕವ್ವಾ," ಎಂದ ಮೆಲ್ಲಗೆ, "ಸೊಳ್ಳೆ ಒಳಗ ಬರ್ತಾವೆ."

ಪೂಜಾ ಹೋಗಿ ಬಾಗಿಲು ಹಾಕಿ ಚಿಲಕ ಇಟ್ಟಳು.